ಮಾಲ್ ಚಿತ್ರಮಂದಿರ ಮತ್ತು ಇಪ್ಪತ್ತು ವರ್ಷದ ಬಾಡಿಗೆ ಕರಾರು

ಚಿತ್ರಮಂದಿರವೊಂದು ಮುಚ್ಚಿದೊಡನೆ ಅದರ ಹೊಣೆಯನ್ನು ಪ್ರೇಕ್ಷಕನ ತಲೆಗೆ ಕಟ್ಟುವುದು ವಾಡಿಕೆಯಾಗಿದೆ. ಮೊದಲು ಟೆಲಿವಿಷನ್, ಅನಂತರ ವಿಡಿಯೊ ಕ್ಯಾಸೆಟ್, ಈಗ ಅಂಗೈಯೊಳಗಿನ ಮೊಬೈಲ್ ಎಂದು ಆರೋಪಿಯ ಹೆಸರು ಬದಲಾಗುತ್ತ ಬಂದಿದೆಯೇ ಹೊರತು ಆರೋಪ ಬದಲಾಗಿಲ್ಲ. ಜನ ಬರುವುದನ್ನು ನಿಲ್ಲಿಸಿದರು, ಆದ್ದರಿಂದ ಬಾಗಿಲು ಹಾಕಬೇಕಾಯಿತು ಎಂಬುದು ಕೇಳಲು ಸರಳವಾದ ವಿವರಣೆ. ಆದರೆ ವರ್ತಕನಾದವನು ವಿವರಣೆಗೆ ಮುನ್ನ ಲೆಕ್ಕದ ಪುಸ್ತಕವನ್ನು ತೆರೆದು ನೋಡಬೇಕಾಗುತ್ತದೆ. ಶಾಪಿಂಗ್ ಕೇಂದ್ರದೊಳಗಿನ ಚಿತ್ರಮಂದಿರ ಎಂಬ ವ್ಯಾಪಾರ ಪದ್ಧತಿಯನ್ನು ವ್ಯಾಪಕವಾಗಿ ಬೆಳೆಸಿದ ಅಮೆರಿಕದಲ್ಲಿ ಆ ಪುಸ್ತಕ ಹೇಳುವ ಕಥೆಯೇ ಬೇರೆ.

ಬಾಸ್ಟನ್ ನಗರದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, 9ನೆಯ ಹೆದ್ದಾರಿಯ ಬದಿಯಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. ಅಲ್ಲಿ 1951ರ ಅಕ್ಟೋಬರ್‌ನಲ್ಲಿ 'ಶಾಪರ್ಸ್ ವರ್ಲ್ಡ್' ಎಂಬ ಶಾಪಿಂಗ್ ಕೇಂದ್ರ ಆರಂಭವಾಯಿತು. ನಡುವೆ ಹಸಿರು ಹುಲ್ಲುಹಾಸು, ಎರಡೂ ಬದಿಗಳಲ್ಲಿ ಎರಡು ಅಂತಸ್ತಿನ ಅಂಗಡಿ ಸಾಲುಗಳು, ಒಂದು ತುದಿಯಲ್ಲಿ ಬೃಹತ್ ಗುಮ್ಮಟದಡಿ ಜೋರ್ಡನ್ ಮಾರ್ಷ್ ಡಿಪಾರ್ಟ್‌ಮೆಂಟ್ ಸ್ಟೋರ್, ಸುತ್ತಲೂ ಸುಮಾರು 6,000 ಕಾರುಗಳನ್ನು ನಿಲ್ಲಿಸುವಷ್ಟು ಬಯಲು. ಆ ಕೇಂದ್ರದಲ್ಲಿ ಚಿತ್ರಮಂದಿರವೊಂದನ್ನು ತೆರೆದವರು ಫಿಲಿಪ್ ಸ್ಮಿತ್. ಕಾರಿನಲ್ಲಿ ಕುಳಿತೇ ಚಿತ್ರ ನೋಡುವ ಡ್ರೈವ್-ಇನ್ ಚಿತ್ರಮಂದಿರಗಳನ್ನು 1930ರ ದಶಕದಿಂದ ನಡೆಸಿಕೊಂಡು ಬಂದಿದ್ದ ಅವರಿಗೆ ಕಾರುಳ್ಳ ಕುಟುಂಬದ ಸ್ವಭಾವ ಚೆನ್ನಾಗಿ ತಿಳಿದಿತ್ತು. ಅವರ ಸಂಸ್ಥೆಯೇ 1964ರಲ್ಲಿ 'ಜನರಲ್ ಸಿನಿಮಾ ಕಾರ್ಪೊರೇಷನ್' ಎಂಬ ಹೆಸರು ತಳೆದು, ಅವರ ಮಗ ರಿಚರ್ಡ್ ಸ್ಮಿತ್ ಅವರ ಕಾಲದಲ್ಲಿ ಅಮೆರಿಕದ ಅತಿ ದೊಡ್ಡ ಪ್ರದರ್ಶಕ ಸಂಸ್ಥೆಗಳ ಸಾಲಿಗೆ ಸೇರಿತು.

ಆ ಕಾಲದಲ್ಲಿ ಇದು ಸಾಹಸವೇ ಸರಿ. ಅಮೆರಿಕದಲ್ಲಿ ಚಿತ್ರ ನೋಡುವವರ ಸಂಖ್ಯೆ 1946ರಲ್ಲಿ ತುತ್ತತುದಿ ಮುಟ್ಟಿ ಅನಂತರ ಒಂದೇ ಸಮನೆ ಇಳಿಯುತ್ತಿತ್ತು. ನಗರಗಳ ನಡುವೆ ಸಾವಿರಾರು ಆಸನಗಳ ಅರಮನೆಯಂಥ ಚಿತ್ರಮಂದಿರಗಳು ಭಣಗುಡತೊಡಗಿದ್ದವು. ಆದರೂ ಉಪನಗರದ ಚಿತ್ರಮಂದಿರ ಕಾಲೂರಿತು. ಅದಕ್ಕೆ ಚಿತ್ರದ ಗುಣಮಟ್ಟವಾಗಲಿ, ಜನರ ಅಭಿರುಚಿಯಾಗಲಿ ಮುಖ್ಯ ಕಾರಣವಾಗಿರಲಿಲ್ಲ. ನ್ಯಾಯಾಲಯದ ಒಂದು ತೀರ್ಪು, ತೆರಿಗೆ ಕಾಯಿದೆಯ ಒಂದು ತಿದ್ದುಪಡಿ ಮತ್ತು ಕಾರು ನಿಲ್ಲಿಸುವ ಬಯಲು, ಈ ಮೂರೂ ಸೇರಿ ಅದನ್ನು ಎತ್ತಿ ನಿಲ್ಲಿಸಿದವು.

ತೀರ್ಪು ಬಂದದ್ದು 1948ರಲ್ಲಿ. ಪ್ಯಾರಮೌಂಟ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪರಿಣಾಮವಾಗಿ ದೊಡ್ಡ ನಿರ್ಮಾಣ ಸಂಸ್ಥೆಗಳು ತಮ್ಮ ಚಿತ್ರಮಂದಿರಗಳಿಂದ ಬೇರ್ಪಡಬೇಕಾಯಿತು. ಹಾಗೆ ಬೇರ್ಪಟ್ಟ ಸರಣಿಗಳು ಹೊಸ ಚಿತ್ರಮಂದಿರವನ್ನು ಕೊಳ್ಳಬೇಕಾದರೆ ನ್ಯಾಯಾಲಯದ ಅನುಮತಿ ಪಡೆಯಬೇಕಿತ್ತು. ಹಳಬರ ಕೈ ಕಟ್ಟಿದ್ದ ಆ ಅವಧಿಯಲ್ಲಿ ಉಪನಗರದ ಬಯಲು ಹೊಸಬರ ಪಾಲಿಗೆ ತೆರೆದುಕೊಂಡಿತು. ತೆರಿಗೆ ಕಾಯಿದೆಯ ಬದಲಾವಣೆ ಬಂದದ್ದು 1954ರಲ್ಲಿ. ಹೊಸ ವಾಣಿಜ್ಯ ಕಟ್ಟಡದ ಸವಕಳಿಯನ್ನು ಮೊದಲ ಕೆಲವು ವರ್ಷಗಳಲ್ಲಿಯೇ ಹೆಚ್ಚು ಪ್ರಮಾಣದಲ್ಲಿ ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳಲು ಅದು ಅವಕಾಶ ಕೊಟ್ಟಿತು. ನಗರದೊಳಗಿನ ಹಳೆಯ ಕಟ್ಟಡವನ್ನು ದುರಸ್ತಿ ಮಾಡುವುದಕ್ಕಿಂತ ಊರಾಚೆ ಹೊಸದನ್ನು ಕಟ್ಟುವುದೇ ಲಾಭಕರವೆನಿಸಿತು. ಕೆಲವೇ ವರ್ಷಗಳಲ್ಲಿ ಶಾಪಿಂಗ್ ಕೇಂದ್ರಗಳು ಹೆದ್ದಾರಿಗಳ ಉದ್ದಕ್ಕೂ ಎದ್ದವು. ಕಟ್ಟುವವನಿಗೆ ಮೊದಲ ಕೆಲವು ವರ್ಷಗಳ ತೆರಿಗೆ ಉಳಿತಾಯವೇ ಪ್ರಧಾನವಾದಾಗ ಕಟ್ಟಡದ ಮೂವತ್ತನೆಯ ವರ್ಷದ ಬಗ್ಗೆ ಚಿಂತಿಸುವವರು ವಿರಳವೆಂಬುದನ್ನು ಇಲ್ಲಿಯೇ ಗುರುತಿಸಬೇಕು.

ಇನ್ನು ವಾಹನ ನಿಲುಗಡೆಯ ವಿಚಾರ. ಚಿತ್ರ ನೋಡಲು ಬಂದವನು ಮೂರು ಗಂಟೆ ಕಾರು ನಿಲ್ಲಿಸಿ, ಒಂದು ಕರವಸ್ತ್ರವನ್ನೂ ಕೊಳ್ಳದೆ ಹೋಗುತ್ತಾನೆ ಎಂಬುದು ಅಂಗಡಿಕಾರರ ಆಕ್ಷೇಪವಾಗಿತ್ತು. ಅದಕ್ಕೆ ಉತ್ತರ ಗಡಿಯಾರದಲ್ಲಿತ್ತು. ಅಂಗಡಿಗಳ ವ್ಯಾಪಾರ ಹಗಲಿನದು, ಚಿತ್ರಮಂದಿರದ್ದು ಸಂಜೆ ಮತ್ತು ರಾತ್ರಿಯದು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1983ರವರೆಗೆ ಬಹುಪಾಲು ಅಂಗಡಿಗಳು ಭಾನುವಾರ ಬಾಗಿಲು ತೆರೆಯುವಂತಿರಲಿಲ್ಲ, ಚಿತ್ರ ಪ್ರದರ್ಶನಕ್ಕೆ ಆ ಅಡ್ಡಿ ಇರಲಿಲ್ಲ. ಹೀಗೆ ಒಮ್ಮೆ ಹಣ ಹಾಕಿ ಡಾಂಬರು ಹಾಸಿದ ಬಯಲು ಎರಡು ಪಾಳಿಗಳಲ್ಲಿ ದುಡಿಯಿತು. ಚಿತ್ರಮಂದಿರಕ್ಕೆ ಸ್ವಂತ ನಿಲುಗಡೆ ಜಾಗದ ಖರ್ಚಿಲ್ಲ, ಶಾಪಿಂಗ್ ಕೇಂದ್ರಕ್ಕೆ ಸಂಜೆಯ ನಂತರವೂ ಜನಸಂಚಾರ. ಇಬ್ಬರಿಗೂ ಒಪ್ಪುವ ಸಂಬಂಧ ಇದಾಗಿತ್ತು.

ಚಿತ್ರಮಂದಿರದ ಆದಾಯದ ಸ್ವರೂಪವನ್ನೂ ಇಲ್ಲಿ ನೆನೆಯಬೇಕು. ಟಿಕೆಟ್ ಹಣದಲ್ಲಿ ದೊಡ್ಡ ಪಾಲು ವಿತರಕನಿಗೆ ಸೇರುತ್ತದೆ. ಹೊಸ ಚಿತ್ರದ ಮೊದಲ ವಾರಗಳಲ್ಲಂತೂ ಆ ಪಾಲು ಅತಿ ಹೆಚ್ಚು. ಪ್ರದರ್ಶಕನ ಕೈಯಲ್ಲಿ ನಿಜವಾಗಿ ಉಳಿಯುವುದು ಪಾಪ್‌ಕಾರ್ನ್ ಮತ್ತು ತಂಪು ಪಾನೀಯದ ಹಣ. ಜನರಲ್ ಸಿನಿಮಾ ಸಂಸ್ಥೆಗೆ ಇದು ಎಷ್ಟು ಮನದಟ್ಟಾಗಿತ್ತೆಂದರೆ 1968ರಲ್ಲಿ ಅದು ಪೆಪ್ಸಿ ಬಾಟ್ಲಿಂಗ್ ವ್ಯವಹಾರಕ್ಕೇ ಇಳಿಯಿತು. ಮುಂದೆ ಸನ್‌ಕಿಸ್ಟ್ ಎಂಬ ಕಿತ್ತಳೆ ಪಾನೀಯವನ್ನು ಮಾರುಕಟ್ಟೆಗೆ ತಂದಿತು. ಪರದೆಯ ಮೇಲಿನ ಚಿತ್ರಕ್ಕಿಂತ ಲೋಟದೊಳಗಿನ ಪಾನೀಯ ನಂಬಿಕೆಯ ಸರಕು ಎಂದು ಚಿತ್ರಮಂದಿರದವರೇ ತೀರ್ಮಾನಿಸಿದ ಈ ಪ್ರಸಂಗ ವಾಣಿಜ್ಯ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠವಾದೀತು.

ಒಂದು ಪರದೆಯಿಂದ ಎರಡಕ್ಕೆ ಹೋದದ್ದು ಮುಂದಿನ ಹೆಜ್ಜೆ. ಕಾನ್ಸಾಸ್ ಸಿಟಿಯ ವಾರ್ಡ್ ಪಾರ್ಕ್‌ವೇ ಶಾಪಿಂಗ್ ಕೇಂದ್ರದಲ್ಲಿ ಸ್ಟ್ಯಾನ್ಲಿ ಡರ್ವುಡ್ 1963ರಲ್ಲಿ 'ಪಾರ್ಕ್‌ವೇ ಟ್ವಿನ್' ಎಂಬ ಜೋಡಿ ಚಿತ್ರಮಂದಿರವನ್ನು ಆರಂಭಿಸಿದರು. ಅವರ ಸಂಸ್ಥೆಯೇ ಮುಂದೆ ಎಎಂಸಿ ಎಂದು ಹೆಸರಾಯಿತು. ಒಂದೇ ಟಿಕೆಟ್ ಕಿಂಡಿ, ಒಂದೇ ತಿಂಡಿ ಕಟ್ಟೆ, ಅದೇ ನೌಕರವರ್ಗ, ಎರಡು ಚಿತ್ರಗಳು. ಸುರುಳಿಗಳನ್ನು ಆಗಾಗ ಬದಲಿಸುವ ಅಗತ್ಯವಿಲ್ಲದ ತಟ್ಟೆ ಯಂತ್ರಗಳೂ, ಕಾರ್ಬನ್ ಕಡ್ಡಿಯ ಬದಲು ಜೆನಾನ್ ದೀಪಗಳೂ ಬಂದ ಮೇಲೆ ಒಬ್ಬನೇ ಆಪರೇಟರ್ ಹಲವು ಪರದೆಗಳನ್ನು ನೋಡಿಕೊಳ್ಳಬಹುದಾಯಿತು. ಹಳೆಯ ದೊಡ್ಡ ಸಭಾಂಗಣಗಳ ನಡುವೆ ಗೋಡೆ ಎಬ್ಬಿಸಿ ಎರಡು, ನಾಲ್ಕು ಎಂದು ಸೀಳಲಾಯಿತು. ಪಕ್ಕದ ಪರದೆಯ ಗುಂಡಿನ ಸದ್ದು ಈ ಪರದೆಯ ಪ್ರೇಮ ಸಲ್ಲಾಪದ ನಡುವೆ ಕೇಳಿಬರುವ ಅನುಭವ ಆ ಪೀಳಿಗೆಯ ಅಮೆರಿಕನ್ನರಿಗೆ ಹೊಸತಾಗಿರಲಿಲ್ಲ. ಆದಾಗ್ಯೂ ಹಣ ಬಂದಿತು.

ಈ ಏಳಿಗೆಯ ಅಡಿಪಾಯವಾಗಿದ್ದ ಬಾಡಿಗೆ ಕರಾರೇ ಮುಂದೆ ಕೊರಳಿಗೆ ಉರುಳಾಯಿತು. ಶಾಪಿಂಗ್ ಕೇಂದ್ರ ಕಟ್ಟುವವರಿಗೆ ಸಾಲ ಕೊಡುತ್ತಿದ್ದವರಲ್ಲಿ ವಿಮಾ ಸಂಸ್ಥೆಗಳು ಪ್ರಮುಖವಾಗಿದ್ದವು. ಅವರಿಗೆ ಬೇಕಾಗಿದ್ದ ಭದ್ರತೆಯೆಂದರೆ ಒಳ್ಳೆಯ ಹೆಸರಿನ ಬಾಡಿಗೆದಾರರು ಸಹಿ ಮಾಡಿದ ದೀರ್ಘಾವಧಿ ಕರಾರುಗಳು. ಆದ್ದರಿಂದ ಚಿತ್ರಮಂದಿರಗಳು ಹದಿನೈದು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ವರ್ಷಗಳ ಅವಧಿಗೆ ಸಹಿ ಹಾಕಿದವು. ಕನಿಷ್ಠ ಬಾಡಿಗೆ ನಿಶ್ಚಿತ, ವಹಿವಾಟು ಒಂದು ಮಿತಿಯನ್ನು ದಾಟಿದರೆ ಅದರ ಮೇಲೆ ಶೇಕಡಾವಾರು ಪಾಲು. ವ್ಯಾಪಾರ ಏರುವಾಗ ಈ ಏರ್ಪಾಡು ಎರಡೂ ಕಡೆಗೆ ಹಿತವಾಗಿತ್ತು. ವ್ಯಾಪಾರ ಇಳಿದಾಗ ಮಾಲೀಕನಿಗೆ ಕನಿಷ್ಠ ಬಾಡಿಗೆಯಾದರೂ ಸಿಗುತ್ತಿತ್ತು. ಬಾಡಿಗೆದಾರನಿಗೆ ಮಾತ್ರ ಹೊರಬರುವ ದಾರಿ ಇರಲಿಲ್ಲ.

ಡಲ್ಲಾಸ್ ನಗರದಲ್ಲಿ 1995ರಲ್ಲಿ ಎಎಂಸಿ ಸಂಸ್ಥೆ 'ಗ್ರ್ಯಾಂಡ್ 24' ಎಂಬ ಸಂಕೀರ್ಣವನ್ನು ತೆರೆಯಿತು. 24 ಪರದೆಗಳು, ಮುಂದಿನವರ ತಲೆ ಅಡ್ಡ ಬಾರದಂತೆ ಕ್ರೀಡಾಂಗಣದ ಮೆಟ್ಟಿಲಿನ ಮಾದರಿಯ ಆಸನ ವ್ಯವಸ್ಥೆ. ಒಮ್ಮೆ ಅಲ್ಲಿ ಕುಳಿತು ನೋಡಿದವನು ಮಾಲ್‌ನ ಚಪ್ಪಟೆ ನೆಲದ, ಕಿರಿದಾದ ನಾಲ್ಕು ಪರದೆಯ ಮಂದಿರಕ್ಕೆ ಏಕೆ ಮರಳಬೇಕು? ಮೆಟ್ಟಿಲು ಆಸನ ಕಟ್ಟಲು ಎತ್ತರದ ಛಾವಣಿ ಬೇಕು. ಮಾಲ್‌ನ ಹಳೆಯ ಮಂದಿರಗಳ ಛಾವಣಿ ತಗ್ಗು. ಗೋಡೆ ಒಡೆಯುವ ಅಧಿಕಾರ ಬಾಡಿಗೆದಾರನಿಗಿಲ್ಲ, ಹಣ ಹಾಕುವ ಆಸಕ್ತಿ ಮಾಲೀಕನಿಗಿಲ್ಲ.

ಈ ಹಂತದಲ್ಲಿ ಪ್ರೇಕ್ಷಕ ಏನು ಮಾಡಿದ? 1990ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಟಿಕೆಟ್‌ಗಳ ಸಂಖ್ಯೆ ಸುಮಾರು 119 ಕೋಟಿ. 2000ರಲ್ಲಿ ಅದು ಸುಮಾರು 142 ಕೋಟಿ. ಅಂದರೆ ಜನ ಬರುವುದು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಆದರೆ ಅದೇ ಅವಧಿಯಲ್ಲಿ ಪರದೆಗಳ ಸಂಖ್ಯೆ ಸುಮಾರು 24,000ದಿಂದ 37,000ಕ್ಕೆ ಏರಿತು. ಒಂದು ಪರದೆಗೆ ವರ್ಷಕ್ಕೆ ಸುಮಾರು 50,000 ಟಿಕೆಟ್‌ಗಳಿದ್ದದ್ದು 38,000ಕ್ಕೆ ಕುಸಿಯಿತು. ಹೊಸ ಸಂಕೀರ್ಣ ತೆರೆದಾಗ ಹಳೆಯ ಮಂದಿರವನ್ನು ಮುಚ್ಚಿದ್ದರೆ ಲೆಕ್ಕ ಸರಿದೂಗುತ್ತಿತ್ತು. ಕರಾರು ಉಳಿದಿದ್ದರಿಂದ ಅನೇಕ ಕಡೆ ಮುಚ್ಚಲಾಗಲಿಲ್ಲ. ಖಾಲಿ ಮಂದಿರಕ್ಕೆ ಬಾಡಿಗೆ ಕಟ್ಟುವುದಕ್ಕಿಂತ ಅರೆ ತುಂಬಿದ ಮಂದಿರವನ್ನು ನಡೆಸುವುದೇ ಲೇಸೆಂದು ಪ್ರದರ್ಶಕರು ನಷ್ಟದಲ್ಲಿಯೇ ಮುಂದುವರಿದರು.

ಪರಿಣಾಮ 2000ದಲ್ಲಿ ಬಯಲಾಯಿತು. ಕಾರ್ಮೈಕ್, ಎಡ್ವರ್ಡ್ಸ್, ಯುನೈಟೆಡ್ ಆರ್ಟಿಸ್ಟ್ಸ್ ಥಿಯೇಟರ್ ಸಂಸ್ಥೆಗಳು ಒಂದರ ಹಿಂದೆ ಒಂದರಂತೆ ದಿವಾಳಿ ಕಾಯಿದೆಯ ಆಶ್ರಯ ಬೇಡಿದವು. ಅಕ್ಟೋಬರ್‌ನಲ್ಲಿ ಜನರಲ್ ಸಿನಿಮಾ ಕೂಡ ಅದೇ ಹಾದಿ ಹಿಡಿಯಿತು. ಮುಂದಿನ ವರ್ಷದ ಆರಂಭದಲ್ಲಿ ಲೋವ್ಸ್ ಸಿನೆಪ್ಲೆಕ್ಸ್ ಸರದಿ. ಆ ದೇಶದ ದಿವಾಳಿ ಕಾಯಿದೆಯ 11ನೆಯ ಅಧ್ಯಾಯದಡಿ ಬಾಡಿಗೆದಾರ ಸಂಸ್ಥೆ ತನಗೆ ಹೊರೆಯಾದ ಕರಾರುಗಳನ್ನು ತಿರಸ್ಕರಿಸಬಹುದು. ಉಳಿದ ಅವಧಿಯ ಬಾಡಿಗೆಗಾಗಿ ಮಾಲೀಕನು ಮಂಡಿಸುವ ಹಕ್ಕಿಗೂ ಕಾಯಿದೆ ಮಿತಿ ಹಾಕಿದೆ. ಎಷ್ಟೇ ದೀರ್ಘ ಕರಾರಿದ್ದರೂ ಮೂರು ವರ್ಷಗಳ ಬಾಡಿಗೆಗಿಂತ ಹೆಚ್ಚಿನದಕ್ಕೆ ಆ ಹಕ್ಕು ವಿಸ್ತರಿಸುವುದಿಲ್ಲ. ಇಪ್ಪತ್ತು ವರ್ಷಗಳ ಭದ್ರತೆಯೆಂದು ಮಾಲೀಕರು ತಿಜೋರಿಯಲ್ಲಿ ಇಟ್ಟುಕೊಂಡಿದ್ದ ಕಾಗದದ ನಿಜವಾದ ಬೆಲೆ ಅಂದು ತಿಳಿಯಿತು. ಕೆಲವೇ ವರ್ಷಗಳ ಹಿಂದೆ ಸಾವಿರಕ್ಕೂ ಹೆಚ್ಚು ಪರದೆಗಳಿದ್ದ ಜನರಲ್ ಸಿನಿಮಾವನ್ನು 2002ರಲ್ಲಿ ಎಎಂಸಿ ಕೊಂಡಾಗ ಅದರ ಕೈಗೆ ಬಂದದ್ದು ಸುಮಾರು 620 ಪರದೆಗಳು ಮಾತ್ರ.

ಫ್ರೇಮಿಂಗ್‌ಹ್ಯಾಮ್‌ನ ಮೊದಲ ಮಂದಿರ ಆ ದಿನಗಳನ್ನು ಕಾಣಲಿಲ್ಲ. ಶಾಪರ್ಸ್ ವರ್ಲ್ಡ್ ಕಟ್ಟಿದ ಸಂಸ್ಥೆಯೇ 1954ರಲ್ಲಿ ದಿವಾಳಿಯಾಗಿತ್ತು. ಕೇಂದ್ರ ಕೈ ಬದಲಿಸಿ ಉಳಿಯಿತಾದರೂ 1965ರಲ್ಲಿ ಹತ್ತಿರದಲ್ಲಿಯೇ ಪೂರ್ಣ ಛಾವಣಿಯ ನೇಟಿಕ್ ಮಾಲ್ ಬಂದ ಮೇಲೆ ಬಯಲು ಅಂಗಳದ ಆಕರ್ಷಣೆ ಕುಂದಿತು. 1994ರಲ್ಲಿ ಇಡೀ ಕೇಂದ್ರವನ್ನು ನೆಲಸಮ ಮಾಡಿ, ಅದೇ ಹೆಸರಿನಲ್ಲಿ ದೊಡ್ಡ ದೊಡ್ಡ ಪ್ರತ್ಯೇಕ ಮಳಿಗೆಗಳ ಸಮುಚ್ಚಯವನ್ನು ಕಟ್ಟಲಾಯಿತು. ನಾಲ್ಕು ದಶಕಗಳಿಗೂ ಮಿಕ್ಕಿ ಬಾಳಿದ ಚಿತ್ರಮಂದಿರ ಆ ಗುಮ್ಮಟದೊಂದಿಗೇ ಅಳಿಯಿತು. ಗುಮ್ಮಟವನ್ನು ಉಳಿಸಬೇಕೆಂದು ಹಂಬಲಿಸಿದವರು ಇದ್ದರು. ಮಂದಿರದ ನೆಲ ಪ್ರದರ್ಶಕನದಾಗಿರಲಿಲ್ಲ, ಆದ್ದರಿಂದ ಅದರ ಅಳಿವು ಉಳಿವಿನ ತೀರ್ಮಾನವೂ ಅವನದಾಗಿರಲಿಲ್ಲ.

ಈ ಕೊನೆಯ ಸಂಗತಿ ಕರ್ನಾಟಕದ ವರ್ತಕ ಸಮುದಾಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸುತ್ತಮುತ್ತ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಮರೆಯಾದಾಗ ಹಲವೆಡೆ ಮಾಲೀಕನ ಕೈಯಲ್ಲಿ ನೆಲ ಉಳಿಯಿತು. ಅಲ್ಲಿ ವಾಣಿಜ್ಯ ಸಂಕೀರ್ಣ ಎದ್ದಿತು, ಚಿತ್ರರಂಗಕ್ಕೆ ನಷ್ಟವಾದರೂ ಮನೆತನಕ್ಕೆ ನಷ್ಟವಾಗಲಿಲ್ಲ. ಮಾಲ್ ಚಿತ್ರಮಂದಿರದ ವಿಚಾರ ಹಾಗಲ್ಲ. ಬಾಗಿಲು ಹಾಕಿದ ದಿನ ಪ್ರದರ್ಶಕನ ಪಾಲಿಗೆ ಉಳಿಯುವುದು ಕುರ್ಚಿ, ಪ್ರೊಜೆಕ್ಟರ್ ಮತ್ತು ಪಾಪ್‌ಕಾರ್ನ್ ಯಂತ್ರ.

ಭಾರತಕ್ಕೆ ಬಹುಪರದೆಯ ಪದ್ಧತಿ ಬಂದದ್ದು ಹೊರದೇಶದ ಪಾಲುದಾರಿಕೆಯ ಮೂಲಕವೇ. ದೆಹಲಿಯ ಪ್ರಿಯಾ ಸಂಸ್ಥೆ ಆಸ್ಟ್ರೇಲಿಯದ ವಿಲೇಜ್ ರೋಡ್‌ಶೋ ಜೊತೆಗೂಡಿ 1997ರಲ್ಲಿ ಸಾಕೇತ್ ಬಡಾವಣೆಯಲ್ಲಿ ಪಿವಿಆರ್ ಅನುಪಮ್ ಆರಂಭಿಸಿತು. ಕೋರಮಂಗಲದ ಫೋರಂ ಮಾಲ್‌ನಲ್ಲಿ 2004ರಲ್ಲಿ 11 ಪರದೆಗಳ ಪಿವಿಆರ್ ಬಂದಿತು. ಆಗ ಮಾಲ್‌ಗಳಿಗೆ ಚಿತ್ರಮಂದಿರ ಬೇಕಾಗಿತ್ತು, ಜನರನ್ನು ಮೇಲಿನ ಅಂತಸ್ತಿಗೆ ಹತ್ತಿಸುವ ಶಕ್ತಿ ಅದಕ್ಕಿತ್ತು. ಅನಂತರ ಮಾಲೀಕತ್ವದ ಸ್ವರೂಪವೇ ಬದಲಾಗಿದೆ. ಫೋರಂ ಮಾಲ್ ಇಂದು ನೆಕ್ಸಸ್ ಹೆಸರಿನಲ್ಲಿದೆ, ಅದರ ಒಡೆತನದ ಟ್ರಸ್ಟ್ 2023ರಲ್ಲಿ ಷೇರುಪೇಟೆಗೆ ಬಂದಿದೆ. ಕಟ್ಟಿದವನಿಗೆ ಜನಸಂದಣಿ ಬೇಕಾಗಿದ್ದರೆ, ಹೂಡಿಕೆದಾರರಿಗೆ ಉತ್ತರಿಸಬೇಕಾದ ಇಂಥ ಮಾಲೀಕನಿಗೆ ಪ್ರತಿ ಚದರಡಿಯ ಆದಾಯದ ಮೇಲೆ ಕಣ್ಣಿರುವುದು ಸಹಜ. ಆ ತಕ್ಕಡಿಯಲ್ಲಿ ವಿಸ್ತಾರವಾದ ಜಾಗ ಬೇಡುವ ಚಿತ್ರಮಂದಿರ ಎಂದೂ ಹಗುರವೇ.

ಕೋವಿಡ್ ಕಾಲದಲ್ಲಿ ಮಂದಿರಗಳು ಮುಚ್ಚಿದಾಗ ಪ್ರದರ್ಶಕರು ಕರಾರಿನ ಅನಿವಾರ್ಯ ಪರಿಸ್ಥಿತಿಯ ಷರತ್ತನ್ನು ಮುಂದಿಟ್ಟು ಬಾಡಿಗೆ ವಿನಾಯಿತಿ ಕೇಳಿದರು. ಅಲ್ಲಿಯವರೆಗೆ ಆ ಷರತ್ತನ್ನು ಗಮನವಿಟ್ಟು ಓದಿದವರು ಎಷ್ಟು ಮಂದಿಯೋ! ಪಿವಿಆರ್ ಮತ್ತು ಐನಾಕ್ಸ್ 2023ರ ಫೆಬ್ರುವರಿಯಲ್ಲಿ ಒಂದಾದವು. ಮೂರು ತಿಂಗಳಲ್ಲಿ ವಿಲೀನಗೊಂಡ ಸಂಸ್ಥೆ ಸುಮಾರು 50 ಪರದೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಅದು ಕೊಟ್ಟ ಕಾರಣ ಗಮನಾರ್ಹವಾದದ್ದು: ಆ ಪರದೆಗಳು ನಷ್ಟದಲ್ಲಿವೆ, ಇಲ್ಲವೇ ಅವು ಇರುವ ಮಾಲ್‌ಗಳ ಆಯುಸ್ಸೇ ಮುಗಿದಿದೆ. ಅರ್ಧ ಶತಮಾನದಲ್ಲಿ ಅಮೆರಿಕ ಕಂಡ ಆವರ್ತನ ಇಲ್ಲಿ ಇಪ್ಪತ್ತಾರು ವರ್ಷಗಳಲ್ಲಿ ಪುನರಾವರ್ತನೆಯಾಯಿತು.

ಹೊಸ ಪರದೆಗಳ ಹೂಡಿಕೆಯಲ್ಲಿ ಒಂದು ಭಾಗವನ್ನು ಮಾಲ್ ಕಟ್ಟುವವರೇ ಭರಿಸುವ ಏರ್ಪಾಡಿನ ಕಡೆಗೆ ಅದೇ ಸಂಸ್ಥೆ ಅನಂತರ ಒಲವು ತೋರಿದೆ. ಇದು ಸ್ವಾಗತಾರ್ಹ. ಹಣ ಹಾಕಿದ ಮಾಲೀಕನು ಆಸನ, ಧ್ವನಿ, ಛಾವಣಿಗಳ ಬಗ್ಗೆ ಉದಾಸೀನನಾಗಿರಲಾರ. ಆದರೆ ಹೊಸ ಮಾಲ್‌ಗಳಿಗೆ ಅನ್ವಯಿಸುವ ಈ ಮಾತು ಎರಡು ದಶಕಗಳ ಹಿಂದೆ ಸಹಿಯಾದ ಕರಾರುಗಳಿಗೆ ಅನ್ವಯಿಸುವುದಿಲ್ಲ. 2004ರ ನಂತರದ ಮೊದಲ ಅಲೆಯಲ್ಲಿ ತೆರೆದ ಮಂದಿರಗಳ ಕರಾರುಗಳು ನವೀಕರಣಕ್ಕೆ ಬರುವ ಕಾಲ ಇದು. ನವೀಕರಣವೆಂದರೆ ಬಾಡಿಗೆಯ ಅಂಕಿಯನ್ನು ತಿದ್ದಿ ಹಳೆಯ ಪ್ರತಿಗೆ ಹೊಸ ಛಾಪಾಕಾಗದ ಲಗತ್ತಿಸುವುದು ಎಂಬ ಭಾವನೆ ಬಲವಾಗಿದೆ, ಅದು ಹೋಗಬೇಕು. ಮಂದಿರದ ಒಳಾಂಗಣ ಹಳತಾಗಲು ಹತ್ತು ವರ್ಷ ಸಾಕು. ಹೀಗಿರುವಾಗ ಇಪ್ಪತ್ತು ವರ್ಷದ ಕರಾರಿನ ನಡುವೆ ಎರಡೂ ಪಕ್ಷಗಳು ಕುಳಿತು ಪುನರ್ವಿಮರ್ಶಿಸುವ, ಬೇಡವೆನಿಸಿದರೆ ಗೌರವದಿಂದ ಬಿಡಿಸಿಕೊಳ್ಳುವ ಅವಕಾಶ ಇರಲೇಬೇಕು. ಬಾಡಿಗೆಯ ಹೆಚ್ಚಿನ ಪಾಲು ವಹಿವಾಟಿಗೆ ಹೊಂದಿಕೊಂಡಿದ್ದರೆ ಚಿತ್ರ ಸೋತ ತಿಂಗಳ ಭಾರವನ್ನು ಇಬ್ಬರೂ ಹೊರುತ್ತಾರೆ. ಇದರಿಂದ ಮಾಲೀಕನಿಗೆ ಸಾಲ ಸಿಗುವುದು ಕಷ್ಟವಾದೀತೆಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬ್ಯಾಂಕಿನ ಸಮಾಧಾನಕ್ಕಾಗಿ ಬರೆದ ದೀರ್ಘ ಅವಧಿ ಕಷ್ಟಕಾಲದಲ್ಲಿ ಎಷ್ಟು ಬಾಳಿಕೆ ಬರುತ್ತದೆಂಬುದನ್ನು 2000ದ ಅಕ್ಟೋಬರ್ ತೋರಿಸಿಕೊಟ್ಟಿದೆ.

ಈ ಚರ್ಚೆಯಲ್ಲಿ ಧ್ವನಿಯೇ ಇಲ್ಲದವರು ಮತ್ತೊಂದು ವರ್ಗದವರಿದ್ದಾರೆ. ಚಿತ್ರಮಂದಿರದ ಬಾಗಿಲ ಬಳಿ ಐಸ್‌ಕ್ರೀಂ, ಚಾಟ್, ಕೈಗಡಿಯಾರ, ಮಕ್ಕಳ ಆಟಿಕೆ ಮಾರುವ ಸಣ್ಣ ಬಾಡಿಗೆದಾರರು. ರಾತ್ರಿ ಆಟ ಬಿಟ್ಟಾಗ ಬರುವ ಜನರನ್ನು ನಂಬಿಯೇ ಅವರು ಹೆಚ್ಚಿನ ಬಾಡಿಗೆಗೆ ಒಪ್ಪಿರುತ್ತಾರೆ. ಮಂದಿರ ಮುಚ್ಚಿದರೆ ಅವರ ಬಾಡಿಗೆ ಇಳಿಯುವುದಿಲ್ಲ. ಪ್ರಮುಖ ಮಳಿಗೆ ಹೊರಟುಹೋದರೆ ಉಳಿದವರ ಬಾಡಿಗೆ ತಗ್ಗಬೇಕು ಅಥವಾ ಅವರಿಗೂ ಬಿಡುವ ಹಕ್ಕಿರಬೇಕು ಎಂಬ ಷರತ್ತು ಅಮೆರಿಕದ ಮಾಲ್ ಕರಾರುಗಳಲ್ಲಿ ಬಹುಕಾಲದಿಂದ ಇದೆ. ಅಲ್ಲಿಯೂ ಅದನ್ನು ಗಿಟ್ಟಿಸಿಕೊಂಡವರು ಹೆಚ್ಚಾಗಿ ದೊಡ್ಡ ಸರಣಿ ಮಳಿಗೆಗಳೇ. ಒಬ್ಬೊಬ್ಬರಾಗಿ ಕೇಳಿದರೆ ಸಣ್ಣ ವರ್ತಕರಿಗೆ ಅದು ದೊರಕದು. ಮಾದರಿ ಷರತ್ತೊಂದನ್ನು ಸಿದ್ಧಪಡಿಸಿ ಮಾಲ್ ಮಾಲೀಕರೊಂದಿಗೆ ಮಾತುಕತೆಗೆ ಕೂರುವುದು ವಾಣಿಜ್ಯ ಸಂಸ್ಥೆಗಳ ಕೈಯಲ್ಲಿ ಆಗಬಹುದಾದ ಕೆಲಸ.

ಮಾಲೀಕರು ತಮ್ಮ ಹಿತಕ್ಕಾಗಿಯೇ ಗಮನಿಸಬೇಕಾದ ಒಂದು ಅಂಶವೂ ಉಳಿದಿದೆ. ಚಿತ್ರಮಂದಿರಕ್ಕಾಗಿ ಕಟ್ಟಿದ ಜಾಗದಲ್ಲಿ ಕಿಟಕಿಗಳಿಲ್ಲ, ನಡುವೆ ಕಂಬಗಳಿಲ್ಲ, ನೆಲ ಮೆಟ್ಟಿಲು ಮೆಟ್ಟಿಲಾಗಿರುತ್ತದೆ ಅಥವಾ ಇಳಿಜಾರಾಗಿರುತ್ತದೆ. ಅಂಗಡಿಗಾಗಲಿ ಕಚೇರಿಗಾಗಲಿ ಅದು ಇದ್ದಂತೆಯೇ ಒದಗದು. ಅಮೆರಿಕದಲ್ಲಿ ತೆರವಾದ ಇಂಥ ಜಾಗಗಳಲ್ಲಿ ಕೆಲವು ಪ್ರಾರ್ಥನಾ ಮಂದಿರಗಳಾದವು, ಕೆಲವು ವ್ಯಾಯಾಮ ಶಾಲೆಗಳಾದವು, ಅನೇಕವು ವರ್ಷಗಟ್ಟಲೆ ಖಾಲಿ ಬಿದ್ದು ಇಡೀ ಮಾಲ್‌ನ ಆ ಮೂಲೆಯನ್ನು ಕತ್ತಲೆಗೆ ದೂಡಿದವು. ಆ ಕಾಂಕ್ರೀಟ್ ಇಳಿಜಾರನ್ನು ಒಡೆದು ನೆಲ ಸಮ ಮಾಡಿಕೊಡುವವರು ಯಾರು, ಅದರ ವೆಚ್ಚ ಮುಂಗಡ ಠೇವಣಿಯಿಂದ ಕಡಿತವಾಗಬೇಕೇ, ಕೆಲಸ ಮುಗಿಯುವವರೆಗಿನ ಬಾಡಿಗೆ ಯಾರ ಲೆಕ್ಕಕ್ಕೆ ಎಂಬುದು ಸಹಿ ಬೀಳುವ ಮೊದಲೇ ಕರಡಿನಲ್ಲಿ ಇತ್ಯರ್ಥವಾಗಿರಬೇಕು. ಬೀಗದ ಕೈ ಹಿಂದಿರುಗಿಸುವ ದಿನ ಆ ಪ್ರಶ್ನೆಯನ್ನೆತ್ತಿದರೆ ಉತ್ತರಿಸಲು ಎದುರು ಪಕ್ಷದವರು ಅಲ್ಲಿ ಇರುವುದಿಲ್ಲ.